ಐದು ದಿನದ ಯಾತ್ರೆ, ಆಂಟಿಯ ಕರ್ಚೀಫು

2023ರ ಜೂನ್ 11ಕ್ಕೆ ಹೆಂಗಸರಿಗೆ ಸರ್ಕಾರಿ ಬಸ್ ಫ್ರೀ ಆದಾಗಿಂದ ನಮ್ಮನೇಲಿ ಒಂದೇ ಜಪ, ಧರ್ಮಸ್ಥಳ ಹೊರನಾಡು ಶೃಂಗೇರಿ ಒಂದು ರೌಂಡ್ ಹೋಗ್ಬರೋಣ ಅಂತ. ಅಂತೂ ಇಂತೂ ಈ ಫೆಬ್ರವರಿಗೆ ಕೂಡಿ ಬಂತು. ಯಾರ್ಯಾರು ಅಂದ್ರೆ ಅಮ್ಮ, 76 ವರ್ಷದ ದೊಡ್ಡಮ್ಮ, ನನ್ನ ಹೆಂಡತಿ, ಪಕ್ಕದ್ಮನೆ ಆಂಟಿ, ಆಮೇಲೆ ಲಗೇಜು. ಲಗೇಜಿನ ಜೊತೆ ನಾನು. ಐದು ಜನರಲ್ಲಿ ದುಡ್ಡು ಕೊಟ್ಟು ಟಿಕೆಟ್ ತಗೊಂಡವನು ನಾನೊಬ್ನೇ, ನಿಂತ್ಕೊಂಡು ಹೋದವನೂ ಹೆಚ್ಚುಕಮ್ಮಿ ನಾನೊಬ್ನೇ.

ದೊಡ್ಡಮ್ಮಂಗೆ ಮಾತ್ರ ಒಂದು ಸಂಕಟ. ಪುಕ್ಕಟೆ ಹೋದ ಯಾತ್ರೆಯ ಪುಣ್ಯ ಯಾರಿಗೆ ಸೇರುತ್ತೆ, ನಂಗೋ ಸರ್ಕಾರಕ್ಕೋ? ಯೋಚನೆ ಮಾಡಿ ಮಾಡಿ ಅವರೇ ಒಂದು ದಾರಿ ಹುಡುಕಿದ್ರು. ಪ್ರತಿ ಬಸ್ಸಲ್ಲೂ ನನ್ನ ಟಿಕೆಟ್ ಎಷ್ಟಾಯ್ತು ಅಂತ ಕೇಳೋದು, ಪುಟ್ಟ ನೋಟ್‌ಬುಕ್ಕಲ್ಲಿ ಬರ್ಕೊಳೋದು, ಅಷ್ಟೂ ದುಡ್ಡನ್ನ ಮುಂದಿನ ದೇವಸ್ಥಾನದ ಹುಂಡಿಗೆ ಹಾಕೋದು. ಸರ್ಕಾರಕ್ಕೆ ಬೇಡದ್ದು ದೇವರಿಗೆ. ಒಳ್ಳೇ ಲೆಕ್ಕ, ಒಂದೇ ತೊಂದರೆ ಏನಂದ್ರೆ ಅವರ ಹತ್ರ ಯಾವಾಗ್ಲೂ ಚಿಲ್ಲರೆ ಇರ್ತಿರಲಿಲ್ಲ, ಹುಂಡಿ ಮುಂದೆ ನಿಂತು ನನ್ನ ಕಡೆ ಕೈ ಚಾಚೋರು. ಹಂಗಾಗಿ ಎರಡು ಸಲ ಟಿಕೆಟ್ ತಗೊಂಡವನೂ ನಾನೇ.

ಮೊದಲನೇ ದಿನ: ಮೆಜೆಸ್ಟಿಕ್‌ನಿಂದ ಧರ್ಮಸ್ಥಳ

ಸೀಟು ರಿಸರ್ವ್ ಮಾಡಬಹುದಿತ್ತು. ವಾರದ ಮಧ್ಯೆ ಯಾರು ಬರ್ತಾರೆ ಅಂತ ಮಾಡಲಿಲ್ಲ, ಆ ತಪ್ಪು ನಂದು. ಬೆಳಗ್ಗೆ ಆರಕ್ಕೆ ಮೆಜೆಸ್ಟಿಕ್‌ನಲ್ಲಿ ನೋಡಿದ್ರೆ ಇಡೀ ಬೆಂಗಳೂರಿಗೆ ಅವತ್ತೇ ಭಕ್ತಿ ಬಂದುಬಿಟ್ಟಿದೆ. ಬಸ್ಸು ಇನ್ನೂ ಪ್ಲಾಟ್‌ಫಾರ್ಮಿಗೆ ಬಂದು ನಿಂತಿಲ್ಲ, ರಿವರ್ಸ್ ತಗೋತಾ ಇದೆ, ಜನ ಅದರ ಜೊತೆಗೇ ರಿವರ್ಸಲ್ಲಿ ಓಡ್ತಾ ಇದಾರೆ. ನಾನು ಬ್ಯಾಗು ಎತ್ಕೊಳೋದ್ರೊಳಗೆ ಆಂಟಿ ಕಿಟಕಿ ಹತ್ರ ಹಾರಿ ನೀಲಿ ಹೂವಿನ ಕರ್ಚೀಫೊಂದನ್ನ ಒಳಗೆ ಎಸೆದಾಗಿತ್ತು. ಎಂಥಾ ಗುರಿ ಅಂತೀರಾ, ಸೀದಾ ಮೂರರ ಸೀಟಿನ ಕಿಟಕಿ ಪಕ್ಕ.

ಈ ಕರ್ಚೀಫಿಗೆ ನಮ್ಮ ನಾಡಲ್ಲಿ ರಿಜಿಸ್ಟ್ರಾರ್ ಆಫೀಸಿನ ಪತ್ರದಷ್ಟು ಬೆಲೆ ಇದೆ, ಸ್ಟಾಂಪ್ ಡ್ಯೂಟಿ ಇಲ್ಲ ಅಷ್ಟೇ. ಅದರಲ್ಲೂ ದರ್ಜೆಗಳಿವೆ. ನ್ಯೂಸ್ ಪೇಪರ್ ಹಾಕಿದ್ರೆ ಪಕ್ಕದವರು ಎತ್ಕೊಂಡು ಓದಿಬಿಡ್ತಾರೆ. ನೀರಿನ ಬಾಟಲಿ ಉರುಳಿ ಹೋಗುತ್ತೆ. ಕರ್ಚೀಫು ಪರವಾಗಿಲ್ಲ. ಟವಲ್ಲು ಗಟ್ಟಿ, ಅದ್ರಲ್ಲೂ ಒದ್ದೆ ಟವಲ್ಲನ್ನ ಯಾರೂ ಮುಟ್ಟಲ್ಲ. ಎಲ್ಲಕ್ಕಿಂತ ಮೇಲಿನದು ಮಗು, ಕಿಟಕಿಯಿಂದ ಒಳಗೆ ಇಳಿಸಿಬಿಟ್ರೆ ಸುಪ್ರೀಂ ಕೋರ್ಟೂ ಏನೂ ಮಾಡಕ್ಕಾಗಲ್ಲ.

ನಾವು ಹತ್ತೋ ಹೊತ್ತಿಗೆ ಆ ಸೀಟಲ್ಲಿ ಬಿಳೀ ಪಂಚೆಯ ಹಿರಿಯರೊಬ್ರು ಕೂತಿದ್ರು. ಆಂಟಿ ಅಂದ್ರು, ಕರ್ಚೀಫ್ ಹಾಕಿದೀವಿ. ಅವರು ಅಂದ್ರು, ನಾನು ಪೇಪರ್ ಹಾಕಿದ್ದೆ. ಆಂಟಿ ಅಂದ್ರು, ಎಲ್ಲಿದೆ ಪೇಪರು? ಪೇಪರ್ ಸೀಟಿನ ಕೆಳಗೆ ಬಿದ್ದಿತ್ತು. ಅವರು ಆಮೇಲೆ ಕಾನೂನು ತೆಗೆದ್ರು, ಅರ್ಧ ಸೀಟು ಗಂಡಸರಿಗೆ ಅಂತ ಸರ್ಕಾರದ ಆರ್ಡರ್ರೇ ಇದೆ, ಇದು ಗಂಡಸರ ಅರ್ಧ ಅಂತ. ಆರ್ಡರ್ ಇರೋದೇನೋ ನಿಜ, ಆದ್ರೆ ಯಾವ ಅರ್ಧ ಅಂತ ಸೀಟಿನ ಮೇಲೆ ಬರ್ದಿಲ್ವಲ್ಲ. ಆಂಟಿ ಆರ್ಡರ್ ಕಾಪಿ ತೋರಿಸಿ ಅಂದ್ರು. ಕಂಡಕ್ಟರು ಇದ್ಯಾವುದಕ್ಕೂ ತಲೆ ಹಾಕ್ಲಿಲ್ಲ, ಅನುಭವಸ್ಥ. ಕೊನೆಗೆ ಹಿರಿಯರು ಕಿಟಕಿ ಬಿಡಲಿಲ್ಲ, ಆಂಟಿ ಪಕ್ಕದ ಸೀಟು ಬಿಡಲಿಲ್ಲ, ಇಬ್ಬರ ಮಧ್ಯೆ ಒಂದು ವ್ಯಾನಿಟಿ ಬ್ಯಾಗಿನಷ್ಟು ಗಡಿ. ದೊಡ್ಡಮ್ಮ ಆ ಮೂರನೇ ಜಾಗದಲ್ಲಿ ಶಾಂತಿಪಾಲನಾ ಪಡೆ ತರ ಕೂತ್ರು.

ನಾನು ಮೆಟ್ಟಿಲ ಹತ್ರ ನಿಂತಿದ್ದೆ, ಮನುಷ್ಯರನ್ನ ನೋಡೋಕೆ ಅದಕ್ಕಿಂತ ಒಳ್ಳೇ ಜಾಗ ಇಲ್ಲ. ನೆಲಮಂಗಲದಲ್ಲಿ ಒಬ್ಬ ಹತ್ತಿದ, ಎರಡು ಮೆಟ್ಟಿಲು ಹತ್ತೋವರೆಗೂ "ಸ್ವಲ್ಪ ಒಳಗೆ ಸರೀರಿ ಸ್ವಾಮಿ, ಮಧ್ಯೆ ಎಷ್ಟು ಜಾಗ ಇದೆ, ಮನುಷ್ಯತ್ವ ಬೇಡ್ವಾ" ಅಂತ ಕೂಗ್ತಿದ್ದ. ಕುಣಿಗಲ್‌ನಲ್ಲಿ ಇನ್ನಾರು ಜನ ಹತ್ತೋಕೆ ಬಂದ್ರು. ಅದೇ ಮನುಷ್ಯ ಬಾಗಿಲಿಗೆ ಅಡ್ಡ ನಿಂತು, "ಎಲ್ಲಿದೆ ಜಾಗ, ಉಸಿರಾಡೋಕಾಗ್ತಿಲ್ಲ, ಹಿಂದೆ ಖಾಲಿ ಬಸ್ ಬರ್ತಿದೆ ಅದ್ರಲ್ಲಿ ಬನ್ನಿ" ಅಂದ. ಕುಣಿಗಲ್ ಮುಟ್ಟೋಕೆ ಹಿಡಿದ ಒಂದು ಗಂಟೆ ಚಿಲ್ಲರೇಲಿ ಪಾಪ ಅವನ ಇಡೀ ಧರ್ಮಶಾಸ್ತ್ರವೇ ಬದಲಾಗಿತ್ತು. ನಗಬೇಡಿ, ಬೆಂಗಳೂರಿಗೆ ನಾವು ಬಂದಿದ್ದೂ ಹಿಂಗೇ. ಮೂವತ್ತು ವರ್ಷದ ಹಿಂದೆ ಬಂದು ಸೈಟ್ ಮಾಡ್ಕೊಂಡವರೆಲ್ಲ ಈಗ ಬಾಗಿಲಲ್ಲಿ ನಿಂತು ಊರು ತುಂಬೋಯ್ತು ಅಂತ ಗೊಣಗ್ತಾರೆ, ನಮ್ಮಪ್ಪಾನೂ ಸೇರಿ.

ಹಾಸನ ದಾಟಿ ಸಕಲೇಶಪುರ ಬಂತು, ಅಲ್ಲಿಂದ ಶಿರಾಡಿ ಘಾಟಿ. ಎರಡನೇ ತಿರುವಲ್ಲಿ ಆಂಟಿ ಕಣ್ಣು ಮುಚ್ಚಿದ್ರು. ಮೂರನೇ ತಿರುವಲ್ಲಿ ಮೆಲ್ಲಗೆ ಒಂದೇ ಮಾತು, "ವಾಂತಿ ಬರೋ ಹಂಗಿದೆ." ಅಷ್ಟೇ ನೋಡಿ! ಕರ್ಚೀಫು, ಆರ್ಡರು, ವಯಸ್ಸು, ಜಗಳ ಯಾವುದಕ್ಕೂ ಜಗ್ಗದ ಆ ಹಿರಿಯರು ಎದ್ದ ಸ್ಪೀಡಿಗೆ ಅವರ ಪಂಚೆ ಸೀಟಿನ ಮೊಳೆಗೆ ಸಿಕ್ಕಿ ಪರ್ ಅಂತು. "ನೀವು ಕಿಟಕಿಗೆ ಬನ್ನಿ ತಾಯಿ, ಬನ್ನಿ." ಬಸ್ಸಿನಲ್ಲಿ ಆ ಒಂದು ಮಾತಿಗೆ ಇರೋ ಶಕ್ತಿ ಯಾವ ಯೋಜನೆಗೂ ಇಲ್ಲ. ಆಂಟಿಗೆ ವಾಂತಿ ಬರಲಿಲ್ಲ, ಅದು ಬೇರೆ ವಿಷಯ. ಗುಂಡ್ಯ ಬರೋ ಹೊತ್ತಿಗೆ ಹಿರಿಯರು ನಿಂಬೆಹಣ್ಣು ಮೂಸೋಕೆ ಕೊಟ್ಟು, ಕಿತ್ತಳೆ ಸುಲಿದು ಕೊಟ್ಟು, ಮಗಳ ಮದುವೆ ವಿಷಯ ಮಾತಾಡ್ತಾ ಇದ್ರು. ಪೆರಿಯಶಾಂತಿ ಹತ್ರ ಹೈವೇ ಬಿಟ್ಟು ಧರ್ಮಸ್ಥಳದ ದಾರಿ ಹಿಡಿದಾಗ ಇಬ್ರಿಗೂ ದೂರದ ಸಂಬಂಧ ಇದೆ ಅಂತಲೂ ಗೊತ್ತಾಯ್ತು. ನಮ್ಮಲ್ಲಿ ಎರಡು ಗಂಟೆ ಪಕ್ಕ ಪಕ್ಕ ಕೂತ್ರೆ ಸಂಬಂಧ ಸಿಗದೇ ಇರೋರು ಯಾರಿದ್ದಾರೆ ಹೇಳಿ.

ಮುನ್ನೂರು ಕಿಲೋಮೀಟ್ರು, ಕಾಲು ಎರಡೂ ನಂದಲ್ಲ ಅನ್ನೋ ತರ ಆಗಿತ್ತು. ದೊಡ್ಡಮ್ಮ ಇಳೀತಿದ್ದಂಗೇ ಕೇಳಿದ್ದು, "ನಿನ್ ಟಿಕೆಟ್ ಎಷ್ಟಾಯ್ತೋ?"

ಎರಡನೇ ದಿನ: ಧರ್ಮಸ್ಥಳ, ಸಂಜೆಗೆ ಕುಕ್ಕೆ

ದೇವಸ್ಥಾನದೊಳಗೆ ಗಂಡಸರು ಶರ್ಟು ತೆಗೀಬೇಕು. ನನಗೆ ಈ ಪದ್ಧತಿ ಬಹಳ ಇಷ್ಟ. ಶರ್ಟು ತೆಗೆದ ಮೇಲೆ ಮ್ಯಾನೇಜರ್ ಯಾರು ಡ್ರೈವರ್ ಯಾರು ಗೊತ್ತಾಗಲ್ಲ, ಬರೀ ಹೊಟ್ಟೆಗಳು ಸಾಲಾಗಿ ನಿಂತಿರ್ತವೆ. ಹಂಗಂತ ನಾನೂ ಅಂದ್ಕೊಂಡಿದ್ದೆ, ಆದ್ರೆ ಹತ್ತೇ ನಿಮಿಷಕ್ಕೆ ಜನ ದಾರಿ ಕಂಡ್ಕೊಂಡ್ರು. ಒಬ್ಬನ ಕುತ್ತಿಗೇಲಿ ಹೆಬ್ಬೆರಳು ದಪ್ಪದ ಚೈನು, ಶರ್ಟು ಇಲ್ದೇ ಅದು ಇನ್ನೂ ಚೆನ್ನಾಗಿ ಕಾಣ್ತಿತ್ತು. ಇನ್ನೊಬ್ಬ ಫೋನಲ್ಲಿ ಜೋರಾಗಿ ಯಾರಿಗೋ ನಾಲ್ಕು ಕೋಟಿ ರೇಟು ಹೇಳ್ತಿದ್ದ. ನಾನೂ ಹೊಟ್ಟೆ ಒಳಗೆ ಎಳ್ಕೊಂಡೇ ನಿಂತಿದ್ದೆ, ಯಾರು ನೋಡ್ತಿದ್ರು ಅಂತ ಗೊತ್ತಿಲ್ಲ.

ಕ್ಯೂ ಅಂದ್ರೆ ನಮ್ಮಲ್ಲಿ ಒಬ್ಬ ನಿಲ್ಲೋದಲ್ಲ, ಒಬ್ಬನನ್ನ ನೆಡೋದು. ನಮ್ಮ ಮುಂದೆ ಒಬ್ಬ ತೆಳ್ಳಗಿನ ಹುಡುಗ ಒಬ್ನೇ ನಿಂತಿದ್ದ, ಅಬ್ಬಾ ಬೇಗ ಆಗುತ್ತೆ ಅಂದ್ಕೊಂಡೆ. ಇನ್ನೇನು ಹತ್ರ ಬಂತು ಅನ್ನುವಾಗ "ನಮ್ಮವರು ಮುಂದಿದ್ದಾರೆ, ನಮ್ಮವರು ಮುಂದಿದ್ದಾರೆ" ಅಂತ ಹಿಂದಿಂದ ಹನ್ನೊಂದು ಜನ ಬಂದು ಆ ಒಂದು ಹುಡುಗನಿಂದ ಕವಲೊಡೆದ್ರು, ಆಲದ ಮರ. ಆಂಟಿ ಜೋರು ಮಾಡಿದ್ರು, ನ್ಯಾಯ ನೀತಿ ಅಂತೆಲ್ಲ. ಅಷ್ಟರಲ್ಲಿ ನನ್ನ ಹೆಂಡತಿ ಬಾತ್‌ರೂಮಿಂದ ಬಂದ್ಲು, "ನಮ್ಮವರು ಮುಂದಿದ್ದಾರೆ" ಅಂತ ಅಂದ್ಕೊಂಡೇ.

ಈ ಕ್ಷೇತ್ರದ ವ್ಯವಸ್ಥೆಯೇ ಒಂದು ಪಾಠ. ದೇವರು ಶಿವ, ಪೂಜೆ ಮಾಡೋರು ವೈಷ್ಣವ ಅರ್ಚಕರು, ನಡೆಸೋದು ಜೈನ ಹೆಗ್ಗಡೆ ಮನೆತನ. ತಲೆಮಾರುಗಳಿಂದ ಮೂವರೂ ಒಂದೇ ಕಡೆ ಇದ್ದಾರೆ, ನಾವು ಮೂರರ ಸೀಟಲ್ಲಿ ಮೂವರು ಕೂರಕ್ಕಾಗಲ್ಲ.

ಊಟ ಆದ್ಮೇಲೆ ಬಾಹುಬಲಿ ಬೆಟ್ಟ ಹತ್ತಿದ್ವಿ, ಅಮ್ಮ ದೊಡ್ಡಮ್ಮ ಆಟೋದಲ್ಲಿ. 39 ಅಡಿ ಎತ್ತರದ ಒಂದೇ ಕಲ್ಲಿನ ಮೂರ್ತಿ, ಕಾರ್ಕಳದಲ್ಲಿ ಕೆತ್ತಿ ಇಲ್ಲಿಗೆ ಸಾಗಿಸಿ 1982ರಲ್ಲಿ ಪ್ರತಿಷ್ಠೆ ಮಾಡಿದ್ದು. ಕಥೆ ಎಲ್ರಿಗೂ ಗೊತ್ತಿರೋದೇ, ಭರತ ಬಾಹುಬಲಿ ಅಣ್ಣತಮ್ಮ, ರಾಜ್ಯಕ್ಕೆ ಜಗಳ, ಸೈನ್ಯ ಸಾಯೋದು ಬೇಡ ಅಂತ ಇಬ್ಬರೇ ಹೋರಾಡಿದ್ರು. ಮೊದಲು ದೃಷ್ಟಿಯುದ್ಧ, ಆಮೇಲೆ ಜಲಯುದ್ಧ, ಕೊನೆಗೆ ಮಲ್ಲಯುದ್ಧ. ನನಗೆ ಅಲ್ಲಿ ನಿಂತಾಗ ತಟ್ಟನೆ ಹೊಳೀತು, ಬಸ್ಸಲ್ಲೂ ಇದೇ ಕ್ರಮ. ಮೊದಲು ದುರುಗುಟ್ಟಿ ನೋಡೋದು, ಮಧ್ಯೆ ಯಾರದೋ ಬಾಟಲಿ ನೀರು ಚೆಲ್ಲೋದು, ಕೊನೆಗೆ ಭುಜ ತಳ್ಳೋದು. ವ್ಯತ್ಯಾಸ ಏನಪ್ಪಾ ಅಂದ್ರೆ ಬಾಹುಬಲಿ ಮೂರೂ ಗೆದ್ದು ಸೀಟು ಬಿಟ್ಟು ಎದ್ದು ಹೋದ.

ಆದ್ರೆ ಕಥೆಯ ಮುಂದಿನ ಭಾಗ ನನಗೆ ಇನ್ನೂ ಇಷ್ಟ, ದೊಡ್ಡಮ್ಮ ಹೇಳಿದ್ದು. ಎಲ್ಲ ಬಿಟ್ಟು ಬಂದು ವರ್ಷ ಪೂರ್ತಿ ನಿಂತ, ಮೈಮೇಲೆ ಬಳ್ಳಿ ಹಬ್ಬಿತು, ಕಾಲ ಹತ್ರ ಹುತ್ತ ಬೆಳೀತು, ಆದ್ರೂ ಜ್ಞಾನ ಆಗಲಿಲ್ಲ. ಯಾಕೆ? ಒಳಗೊಂದು ಮುಳ್ಳು ಉಳಿದಿತ್ತಂತೆ, ನಾನು ನಿಂತಿರೋ ಈ ಎರಡು ಹೆಜ್ಜೆ ನೆಲಾನೂ ಭರತನದ್ದೇ ಅಲ್ವಾ ಅಂತ. ಭರತನೇ ಬಂದು ಕಾಲಿಗೆ ಬಿದ್ದ ಮೇಲೆ ಆ ಮುಳ್ಳು ಹೋಯ್ತು. ಅಷ್ಟು ದೊಡ್ಡವನಿಗೇ ನಿಂತ ಜಾಗ ಯಾರದ್ದು ಅನ್ನೋ ಯೋಚನೆ ಬಿಟ್ಟಿರಲಿಲ್ಲ ನೋಡು, ಅಂದ್ರು ದೊಡ್ಡಮ್ಮ. ಆಂಟಿ ಯಾಕೋ ಆ ಕಡೆ ತಿರುಗಿ ಕರ್ಚೀಫಲ್ಲಿ ಬೆವರು ಒರೆಸ್ಕೊಂಡ್ರು.

ಕುಕ್ಕೆಗೂ ಹೋಗಿ ಬಂದ್ವಿ. ದರ್ಶನ ಅರ್ಧ ಗಂಟೆ, ವಾಪಸ್ ಬಸ್ಸಿಗೆ ಕಾದಿದ್ದು ಎರಡು ಗಂಟೆ. ಅದರ ಬಗ್ಗೆ ಬೇರೇನೂ ಇಲ್ಲ.

ರಾತ್ರಿ ರೂಮಲ್ಲಿ ದೊಡ್ಡಮ್ಮ ಇದ್ದಕ್ಕಿದ್ದಂಗೆ ಕೇಳಿದ್ರು, "ಅಲ್ವೇ, ನಿನ್ನೆ ಆ ಸೀಟಲ್ಲಿ ಯಾರು ಮೊದ್ಲು ಹಾಕಿದ್ದು, ನಿನ್ ಕರ್ಚೀಫೋ ಅವರ ಪೇಪರೋ?" ಆಂಟಿ ಬಾಯಿ ತೆರೆದ್ರು. ದೊಡ್ಡಮ್ಮ ಅಂದ್ರು, "ನೋಡ್ಕೊಂಡು ಹೇಳು, ಇದು ಮಾತು ಬಿಡದ ಮಂಜುನಾಥನ ಊರು." ಮಂದಿ ಇಲ್ಲಿಗೆ ಆಣೆ ಪ್ರಮಾಣಕ್ಕೆ ಬರೋದು ಕೋರ್ಟಿಗಿಂತ ಹೆಚ್ಚು ಹೆದರ್ಕೊಂಡು. ಆಂಟಿ ಬಾಯಿ ಮುಚ್ಚಿದ್ರು. ಲೈಟ್ ಆಫ್ ಆಗಿ ಹತ್ತು ನಿಮಿಷ ಆದ್ಮೇಲೆ ಕತ್ತಲಲ್ಲಿ ದನಿ ಬಂತು, "ಪೇಪರ್ ಇತ್ತು. ಕರ್ಚೀಫು ಅದರ ಮೇಲೆ ಬಿತ್ತು. ಕಿಟಕಿಯಿಂದ ಕೈ ಹಾಕಿ ಪೇಪರ್ ಸ್ವಲ್ಪ ಸರಿಸಿದೆ ಅಷ್ಟೇ." ಅಮ್ಮ ದಿಂಬಿಗೆ ಮುಖ ಒತ್ಕೊಂಡು ನಕ್ಕಿದ್ದು ನನಗೆ ಕೇಳಿಸ್ತು.

ಮೂರನೇ ದಿನ: ಚಾರ್ಮಾಡಿ ಹತ್ತಿ ಹೊರನಾಡಿಗೆ

ಉಜಿರೆ ದಾಟಿ ಚಾರ್ಮಾಡಿ ಘಾಟಿ. ಈ ಸಲ ಘಾಟಿ ಶುರುವಾಗೋಕೆ ಮುಂಚೆನೇ ಆಂಟಿ "ವಾಂತಿ" ಅಂದ್ರು. ಒಂದು ಸಲ ಕೆಲಸ ಮಾಡಿದ ಆಯುಧವನ್ನ ಯಾರು ವಾಪಸ್ ಒರೆಯೊಳಗೆ ಇಡ್ತಾರೆ. ಆದ್ರೆ ಕಿಟಕೀಲಿ ಕೂತಿದ್ದ ಕಾಲೇಜ್ ಹುಡುಗಿ ಅದಕ್ಕಿಂತ ಜಾಣೆ, ಬ್ಯಾಗಿಂದ ಒಂದು ಪ್ಲಾಸ್ಟಿಕ್ ಕವರ್ ತೆಗೆದು ಕೈಗೆ ಕೊಟ್ಟು ಮತ್ತೆ ಇಯರ್‌ಫೋನ್ ಹಾಕ್ಕೊಂಡ್ಲು. ಕೊಟ್ಟಿಗೆಹಾರದಲ್ಲಿ ನೀರುದೋಸೆ ತಿಂದ್ವಿ, ನಾನು ಎಂಟು. ಚಳಿ ಇತ್ತು.

ಅಲ್ಲಿಂದ ಕಳಸದ ಕಡೆ ಬಸ್ಸು ತುಂಬ ರಶ್ಶು, ಮತ್ತೆ ನಿಂತೆ. ನಿಂತವರದ್ದೇ ಒಂದು ವಿದ್ಯೆ ಇದೆ. ಕೂತವರು ಯಾರು ಯಾವಾಗ ಇಳೀತಾರೆ ಅನ್ನೋದನ್ನ ಅವರ ಕೈಕಾಲು ನೋಡಿ ಹೇಳಬೇಕು. ಚಪ್ಪಲಿ ಹುಡುಕೋಕೆ ಕಾಲಾಡಿಸಿದ್ರೆ ಐದು ನಿಮಿಷ. ಮಗುಗೆ ಸ್ವೆಟರ್ ಹಾಕಿದ್ರೆ ಹತ್ತು ನಿಮಿಷ. ಕಿಟಕಿಯಿಂದ ಬಗ್ಗಿ ಬಗ್ಗಿ ನೋಡೋರನ್ನ ಮಾತ್ರ ನಂಬಬಾರದು, ಅವರು ಸುಮ್ನೆ ನೋಡ್ತಾರೆ. ಎಲ್ಲಿ ಇಳೀತೀರಾ ಅಂತ ನೇರವಾಗಿ ಕೇಳೋದು ದೊಡ್ಡ ಅಸಭ್ಯ, ಬೇಗ ಸಾಯ್ತೀರಾ ಅಂತ ಕೇಳಿದಂಗೆ, ಅದಕ್ಕೇ ಎಲ್ಲರೂ ಅದನ್ನ ತುಂಬಾ ಅಕ್ಕರೆಯಿಂದ ಕೇಳ್ತಾರೆ, "ದೂರಾನಾ ಅಣ್ಣಾ ಪ್ರಯಾಣ?"

ನಾನು ಆರಿಸ್ಕೊಂಡು ನಿಂತಿದ್ದು ಒಬ್ಬ ಕಾಫಿ ತೋಟದ ಕೆಲಸದವನ ಪಕ್ಕ, ಬ್ಯಾಗು ಮಡಿಲಲ್ಲೇ ಇಟ್ಕೊಂಡಿದ್ದ, ಇವತ್ತಲ್ಲ ನಾಳೆ ಇಳೀತಾನೆ ಅಂತ. ಅವನು ಎದ್ದ, ನಾನು ಅರ್ಧ ಬಗ್ಗಿದೆ, ಅವನು ಬ್ಯಾಗು ಮೇಲಿಟ್ಟು ಮತ್ತೆ ಕೂತ. ಆ ಅರ್ಧ ಬಗ್ಗಿದ ಸೊಂಟವನ್ನ ಯಾರಿಗೂ ಗೊತ್ತಾಗದ ಹಂಗೆ ನೆಟ್ಟಗೆ ಮಾಡ್ಕೊಳೋದು ಬಹಳ ಕಷ್ಟ. ಚಪ್ಪಲಿ ಸರಿ ಮಾಡ್ಕೊಂಡಂಗೆ ನಟಿಸಿದೆ. ಹೆಂಡತಿ ನೋಡಿಬಿಟ್ಟಿದ್ಲು.

ಕಳಸ ಬಿಟ್ಟು ಭದ್ರಾ ನದಿಯ ಹೆಬ್ಬಾಳೆ ಸೇತುವೆ ದಾಟಿದ್ವಿ, ಮಳೆಗಾಲದಲ್ಲಿ ಮುಳುಗೋ ಸೇತುವೆ ಅದು, ಈಗ ನೀರು ತಣ್ಣಗೆ ಕೆಳಗೆ ಹೋಗ್ತಿತ್ತು. ಹೊರನಾಡಲ್ಲಿ ಅನ್ನಪೂರ್ಣೇಶ್ವರಿ. ಶಿವನೇ ಭಿಕ್ಷೆಗೆ ಬಂದು ನಿಂತ ತಾಯಿ, ಹಾಗಾಗಿ ಇಲ್ಲಿ ಬಂದೋರಿಗೆಲ್ಲ ಊಟ, ಯಾರೂ ಹಸಿದು ಹೋಗಬಾರದು. ಗೊತ್ತಿದೆ, ಎಲ್ರಿಗೂ ಸಿಗುತ್ತೆ, ಖಾಲಿ ಆಗಲ್ಲ, ಆದ್ರೂ ಬಾಗಿಲು ತೆಗೆದಾಗ ಜನ ಓಡ್ತಾರೆ. ನಾನೂ ಓಡಿದೆ! ಓಡಿ ಹೋಗಿ ಕೂತು ಉಸಿರು ಬಿಟ್ಟು ನೋಡಿದ್ರೆ ಪಕ್ಕದಲ್ಲಿ ಇಪ್ಪತ್ತು ಜಾಗ ಖಾಲಿ, ದೊಡ್ಡಮ್ಮ ಅಲ್ಲಾಡ್ಕೊಂಡು ಬಂದು ಅದ್ರಲ್ಲಿ ಒಂದರಲ್ಲಿ ಕೂತು, "ಏನೋ ಬಸ್ ಹೊರಟೋಗ್ತಿತ್ತಾ?" ಅಂದ್ರು. ಅಲ್ಲಿ ಅನ್ನ ಸಾರು ಪಾಯಸ ಉಂಡಿದ್ದನ್ನ ವಿವರಿಸಲ್ಲ, ಉಂಡೋರಿಗೆ ಗೊತ್ತು. ಬಡಿಸೋರು ಓಡ್ತಾ ಬಡಿಸ್ತಾರೆ, ಸಾಕು ಅನ್ನೋಕೆ ನಾವು ಕೈ ಅಡ್ಡ ಹಿಡಿಯೋದ್ರೊಳಗೆ ಅವರು ಮುಂದಿನ ಸಾಲಲ್ಲಿ ಇರ್ತಾರೆ. ಬೇಡ ಬೇಡ ಅಂದವರೇ ಜಾಸ್ತಿ ಹಾಕಿಸ್ಕೊಂಡಿದ್ದನ್ನೂ ನೋಡಿದೆ.

ರಾತ್ರಿ ರೂಮು ಸಿಗಲಿಲ್ಲ, ಹಾಲ್‌ನಲ್ಲಿ ಚಾಪೆ. ಅಲ್ಲಿ ಕರ್ಚೀಫಿನ ಜಾಗಕ್ಕೆ ಬೆಡ್‌ಶೀಟು. ಒಂಬತ್ತು ಗಂಟೆಗೆ ಎಲ್ಲರೂ ಬೆಡ್‌ಶೀಟಿನ ಅಂಚು ಎಳೆದು ಎಳೆದು ಗಡಿ ಭದ್ರ ಮಾಡ್ಕೊಂಡ್ರು, ಬ್ಯಾಗುಗಳನ್ನ ಕೋಟೆ ಗೋಡೆ ತರ ಜೋಡಿಸಿದ್ರು. ಮಧ್ಯರಾತ್ರಿ ಚಳಿಗೆ ನನಗೆ ಎಚ್ಚರ ಆಗಿ ನೋಡ್ತೀನಿ, ಗಡಿಗಿಡಿ ಎಲ್ಲಾ ಕಲಸುಮೇಲೋಗರ. ಯಾರದೋ ಮಗು ದೊಡ್ಡಮ್ಮನ ಶಾಲಲ್ಲಿ, ಆಂಟಿಯ ಕಾಲು ಯಾರದೋ ಬ್ಯಾಗ್ ಮೇಲೆ, ಗುರುತು ಪರಿಚಯ ಇಲ್ಲದ ಇಬ್ಬರು ಗಂಡಸರು ಒಂದೇ ಕಂಬಳೀಲಿ, ಒಂದೇ ತಾಳದಲ್ಲಿ ಗೊರಕೆ. ಬೆಳಗ್ಗೆ ಎದ್ದು ಇಬ್ರೂ ಒಬ್ಬರ ಮುಖ ಒಬ್ರು ನೋಡದೇ ಕಂಬಳಿ ಮಡಚಿದ್ರು.

ನಾಲ್ಕನೇ ದಿನ: ಶೃಂಗೇರಿ

ಬಾಳೆಹೊನ್ನೂರಿನ ಮೇಲೆ ಶೃಂಗೇರಿ. ಸೀಟು ಸಿಕ್ತು ನನಗೆ, ಅದೂ ಕಿಟಕಿ. ಕಣಗಳಲ್ಲಿ ಕಾಫಿ ಒಣಗ್ತಾ ಇತ್ತು, ಹೂಮಳೆ ಇನ್ನೂ ಬಂದಿರಲಿಲ್ಲ. ಕೂತ ಮೇಲೆ ನಾನು ಏನು ಮಾಡಿದೆ ಅಂತ ಪ್ರಾಮಾಣಿಕವಾಗಿ ಹೇಳ್ತೀನಿ. ಕೊಪ್ಪ ಕಡೆಯ ಒಬ್ಬ ಅಜ್ಜ ಹತ್ತಿ ನನ್ನ ಪಕ್ಕ ಬಂದು ನಿಂತ್ರು, ನಾನು ತಕ್ಷಣ ಕಣ್ಣು ಮುಚ್ಚಿದೆ. ನಿದ್ದೆ ಬಂದಿರಲಿಲ್ಲ. ಮೂರು ದಿನದಿಂದ ಮೆಟ್ಟಿಲ ಮೇಲೆ ನಿಂತು ಮಂದಿ ಬಗ್ಗೆ ಇಷ್ಟೆಲ್ಲಾ ಲೆಕ್ಕ ಹಾಕಿದವನು. ಒಂದು ಕಣ್ಣು ಸ್ವಲ್ಪ ತೆರೆದು ನೋಡಿದ್ರೆ ಅಜ್ಜ ನನ್ನನ್ನೇ ನೋಡ್ತಾ ನಗ್ತಾ ಇದ್ರು. ಎದ್ದು ಬಿಟ್ಟುಕೊಟ್ಟೆ, ಆದ್ರೆ ಅದು ಬಿಟ್ಟುಕೊಟ್ಟ ಲೆಕ್ಕಕ್ಕೆ ಬರಲ್ಲ.

ವಿದ್ಯಾಶಂಕರ ದೇವಸ್ಥಾನ 14ನೇ ಶತಮಾನದ್ದು, ಒಳಗೆ ಹನ್ನೆರಡು ರಾಶಿ ಕಂಬಗಳು, ಯಾವ ತಿಂಗಳು ಸೂರ್ಯ ಯಾವ ರಾಶೀಲಿ ಇರ್ತಾನೋ ಆ ಕಂಬದ ಮೇಲೆ ಬೆಳಕು ಬೀಳೋ ಹಂಗೆ ಮಾಡಿದ್ದು ಅಂತ ಹೇಳ್ತಾರೆ. ಸೂರ್ಯ ಹನ್ನೆರಡು ಜನಕ್ಕೆ ಸರತಿ ಪ್ರಕಾರ ಹಂಚ್ಕೊಂಡು ಹೋಗ್ತಿದ್ದಾನೆ, ಯಾರೂ ಕ್ಯೂ ಮುರಿಯೋ ಹಂಗಿಲ್ಲ. ಜನ ಮಾತ್ರ ತಮ್ಮ ತಮ್ಮ ರಾಶಿಯ ಕಂಬ ಹುಡುಕಿ ಮುಟ್ಟಿ ಮುಟ್ಟಿ ನಿಲ್ತಾರೆ, ಇದು ನಮ್ಮದು ಅಂತ. ಆಂಟಿ ಕನ್ಯಾ ರಾಶಿಯ ಕಂಬಕ್ಕೆ ಒರಗಿ ನಿಂತವರು ಅಲ್ಲಾಡ್ಲಿಲ್ಲ, ಇನ್ನೊಬ್ಬ ಕನ್ಯಾ ರಾಶಿಯ ಹೆಂಗಸು ಕಾಯ್ತಾ ನಿಂತಿದ್ರು.

ತುಂಗೆಯ ಮೆಟ್ಟಿಲಿಗೆ ಇಳಿದು ಮೀನಿಗೆ ಪುರಿ ಹಾಕಿದ್ವಿ. ಕೈಯುದ್ದ ಮೀನುಗಳು ಒಂದರ ಬೆನ್ನ ಮೇಲೊಂದು ಹತ್ತಿ ಬಾಯಿ ತೆರೀತವೆ, ಯಾರೂ ಹಿಡಿಯೋ ಹಂಗಿಲ್ಲ ಅವನ್ನ, ಭಯ ಇಲ್ಲ ಹಸಿವೂ ಇಲ್ಲ, ಆದ್ರೂ ನೂಕಾಟ. ಅಮ್ಮ ಅಂದ್ಲು, "ಮೆಜೆಸ್ಟಿಕ್ಕೇ ನೋಡು." ಪಕ್ಕದಲ್ಲೇ ಕಪ್ಪೆ ಶಂಕರ ಇದೆ, ಬಿಸಿಲಲ್ಲಿ ಹೆರಿಗೆ ನೋವಲ್ಲಿದ್ದ ಕಪ್ಪೆಗೆ ಹಾವು ಹೆಡೆಯೆತ್ತಿ ನೆರಳು ಕೊಟ್ಟಿದ್ದನ್ನ ಶಂಕರಾಚಾರ್ಯರು ಇಲ್ಲಿ ನೋಡಿದ್ರಂತೆ, ಅದಕ್ಕೇ ಮಠಕ್ಕೆ ಇದೇ ಜಾಗ ಅಂತ ನಿರ್ಧಾರ ಮಾಡಿದ್ರಂತೆ. ದೊಡ್ಡಮ್ಮ ಅದರ ಮುಂದೆ ತುಂಬ ಹೊತ್ತು ನಿಂತಿದ್ರು. ನಾನು ಏನೋ ದೊಡ್ಡ ಮಾತು ಬರುತ್ತೆ ಅಂತ ಕಾದೆ. "ಹಾವಿಗೆ ಅವತ್ತು ಹೊಟ್ಟೆ ತುಂಬಿರ್ಬೇಕು ಕಣೋ," ಅಂದ್ರು.

ಐದನೇ ದಿನ: ವಾಪಸ್

ಚಿಕ್ಕಮಗಳೂರು, ಬೇಲೂರು, ಹಾಸನ. ಸುಸ್ತಾಗಿ ಯಾರೂ ಜಗಳ ಆಡ್ಲಿಲ್ಲ. ಶೃಂಗೇರಿ ಬಸ್‌ಸ್ಟ್ಯಾಂಡಲ್ಲಿ ಆಂಟಿ ಅಭ್ಯಾಸಬಲದಿಂದ ಕಿಟಕೀಲಿ ಕರ್ಚೀಫು ಎಸೆದ್ರು, ಎಸೆದು ಒಂದು ನಿಮಿಷ ನಿಂತು, ಬಗ್ಗಿ ಒಳಗೆ ಇಣುಕಿದ್ರು. ಯಾಕೆ ಅಂದೆ. "ಪೇಪರ್ ಇದ್ಯಾ ನೋಡ್ತಿದ್ದೆ." ಇರಲಿಲ್ಲ. ಇದ್ದಿದ್ರೆ ಏನು ಮಾಡ್ತಿದ್ರಿ ಅಂತ ಕೇಳಬೇಕು ಅನ್ನಿಸ್ತು, ಕೇಳಲಿಲ್ಲ, ಧರ್ಮಸ್ಥಳ ಆಗ್ಲೇ ಹಿಂದೆ ಬಿದ್ದಿತ್ತು.

ದೊಡ್ಡಮ್ಮ ದಾರಿ ಉದ್ದಕ್ಕೂ ನೋಟ್‌ಬುಕ್ ಕೂಡ್ತಾ ಬಂದ್ರು. ಕೊನೇ ಟಿಕೆಟ್ಟಿಗೆ ಹುಂಡಿ ಸಿಗಲಿಲ್ಲ, ಯಾತ್ರೆ ಮುಗೀತಲ್ಲ. ನೆಲಮಂಗಲ ಬಂದಾಗ ತೀರ್ಮಾನ ಹೇಳಿದ್ರು, "ಇದನ್ನ ಮುಂದಿನ ಸಲಕ್ಕೆ ಕ್ಯಾರಿ ಮಾಡೋಣ." ಅಂದ್ರೆ ಮುಂದಿನ ಸಲ ಅಂತ ಒಂದಿದೆ. ಅಮ್ಮ ಆಗ್ಲೇ ಮಂತ್ರಾಲಯ ಅಂದ್ಲು. ನಾನು ಕಣ್ಣು ಮುಚ್ಚಿದೆ.

ಮೆಜೆಸ್ಟಿಕ್‌ನಲ್ಲಿ ಇಳಿದು ಲಗೇಜು ಎಣಿಸಿ ಆಟೋ ಹತ್ರ ಬರೋವಾಗ ಆಂಟಿ ನಿಂತ್ರು. ಕರ್ಚೀಫು ಇಲ್ಲ. ತಿರುಗಿ ನೋಡಿದ್ರೆ ಬಸ್ಸು ಡಿಪೋ ಕಡೆ ಹೊರಟು ಹಿಂಬದಿಯ ಕೆಂಪು ಲೈಟು ಮಾತ್ರ ಕಾಣ್ತಿತ್ತು. ಓಡಿ ಹೋಗಿ ಕೇಳ್ಲಾ ಅಂದೆ. ಆಂಟಿ ಒಂದು ಕ್ಷಣ ಯೋಚನೆ ಮಾಡಿ, ಬ್ಯಾಗು ಹೆಗಲಿಗೆ ಏರಿಸ್ಕೊಂಡು ಅಂದ್ರು,

"ಬಿಡು. ಅಲ್ಲೇ ಇರ್ಲಿ. ನಾಳೆ ಆ ಸೀಟು ನಮ್ದೇ."